ಕನ್ನಡಿಯೊಳಗಿನ ಗಂಟು: ಒಂದು ಹಾಲೊಗ್ರಾಂ ಸಂಗ್ರಹ ಪ್ರದರ್ಶನಕ್ಕೆ ಬಂದ ಪ್ರಕರಣ

ಈ ಪ್ರಕರಣದಲ್ಲಿ ಬರುವ ಸಂಗ್ರಾಹಕರು, ಅವರ ಮಗಳು, ಪ್ರದರ್ಶನ ನಡೆದ ಗ್ಯಾಲರಿ ಇವರಲ್ಲಿ ಯಾರ ಹೆಸರನ್ನೂ ಹೇಳುತ್ತಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆದರೆ ಹಾಲೊಗ್ರಾಂ ದಾಖಲಾದ ಗಾಜಿನ ಪ್ಲೇಟುಗಳಿಗೆ ಏನಾಗಿತ್ತು, ಯಾವ ಹಂತದಲ್ಲಿ ಏನು ತೀರ್ಮಾನಿಸಿದೆವು, ಎಲ್ಲಿ ಎಡವಿದೆವು ಎಂಬುದನ್ನು ಬದಲಿಸಿಲ್ಲ. ಎಡವಿದ ಜಾಗಗಳಲ್ಲಿ ಒಂದಕ್ಕೆ ನಾನೇ ಹೊಣೆ. ಬೆಳಕಿನ ವ್ಯವಸ್ಥೆಗೆಂದು ನನ್ನನ್ನು ಕರೆದಿದ್ದರು. ಕೆಲಸ ಮುಗಿಯುವ ಹೊತ್ತಿಗೆ ನಾನು ಗಾಜು ಒರೆಸುವವನಿಂದ ಹಿಡಿದು ಪಟ್ಟಿ ಬರೆಯುವವನವರೆಗೆ ಎಲ್ಲವೂ ಆಗಿದ್ದೆ.

ಹಿನ್ನೆಲೆ

ಸಂಗ್ರಾಹಕರು ಕರಾವಳಿಯ ಒಂದು ಪಟ್ಟಣದವರು. ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋಗಿ, ನ್ಯೂ ಜೆರ್ಸಿಯಲ್ಲಿ ದೀರ್ಘಕಾಲ ಉದ್ಯೋಗ ಮಾಡಿ, ನಿವೃತ್ತಿಗೆ ಮೊದಲೇ ಊರಿಗೆ ಮರಳಿದವರು. ಅವರಿಗೆ ಹಾಲೊಗ್ರಾಮಿನ ಹುಚ್ಚು ಹತ್ತಿದ್ದು ನ್ಯೂಯಾರ್ಕಿನ ಸೋಹೊ ಭಾಗದ ಮರ್ಸರ್ ಬೀದಿಯ 11ನೇ ನಂಬರಿನ ಕಟ್ಟಡದಲ್ಲಿ. 1976ರಲ್ಲಿ ಅಲ್ಲಿ ಹಾಲೊಗ್ರಫಿಗೆಂದೇ ಒಂದು ಮ್ಯೂಸಿಯಂ ತೆರೆದಿತ್ತು. ಭಾನುವಾರಗಳಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದ ಇವರು ಮೊದಲು ಅಂಗಡಿಯಲ್ಲಿ ಮಾರುತ್ತಿದ್ದ ಚಿಕ್ಕ ಬಿಲ್ಲೆಗಳನ್ನು ಕೊಂಡರು. ಆಮೇಲೆ ಕಲಾವಿದರನ್ನೇ ಹುಡುಕಿಕೊಂಡು ಹೋಗಿ, ಸಂಖ್ಯೆ ಹಾಕಿ ಸಹಿ ಮಾಡಿದ ಗಾಜಿನ ಪ್ಲೇಟುಗಳನ್ನು ಒಂದೊಂದಾಗಿ ತಂದರು. ಆ ಮ್ಯೂಸಿಯಂ 1992ರಲ್ಲಿ ಮುಚ್ಚಿತು, ಅದರ ಸಂಗ್ರಹ ಮರುವರ್ಷ ಎಂಐಟಿ ಮ್ಯೂಸಿಯಂ ಸೇರಿತು. ಇವರ ಸಂಗ್ರಹ ಮಾತ್ರ ಮೂವತ್ತರಷ್ಟು ಕೃತಿಗಳಾಗಿ, ಹಳೆಯ ಪತ್ರಿಕೆಗಳಲ್ಲಿ ಸುತ್ತಿಕೊಂಡು, ಕರಾವಳಿಯ ಮನೆಯ ಸ್ಟೀಲ್ ಬೀರುವಿನಲ್ಲಿ ನುಸಿಗುಳಿಗೆಗಳ ಜೊತೆ ಕುಳಿತಿತು.

ಹಾಲೊಗ್ರಾಂ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಾಟಲಿಯ ಮುಚ್ಚಳದ ಮೇಲೋ ಬ್ಯಾಂಕ್ ಕಾರ್ಡಿನ ಮೇಲೋ ಇರುವ ಹೊಳೆಯುವ ಚೀಟಿ. ಅದು ಅಚ್ಚೊತ್ತಿ ಲಕ್ಷಗಟ್ಟಲೆ ತೆಗೆಯುವ ಬಗೆ. ಇವರ ಬೀರುವಿನಲ್ಲಿದ್ದವು ಬೇರೆ ಜಾತಿಯವು, ಅವುಗಳೊಳಗೂ ಒಳಜಾತಿಗಳಿದ್ದವು. ಯಾವ ಪ್ಲೇಟಿಗೆ ಯಾವ ದೀಪ ಎಂಬುದನ್ನು ಅದನ್ನು ಮಾಡಿದ ವಿಧಾನವೇ ನಿರ್ಧರಿಸುವುದರಿಂದ ಈ ಚರಿತ್ರೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1947ರಲ್ಲಿ ಇಂಗ್ಲೆಂಡಿನ ರಗ್ಬಿ ಪಟ್ಟಣದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಬಿಂಬವನ್ನು ಸುಧಾರಿಸಲು ಹೊರಟಿದ್ದ ಡೆನಿಸ್ ಗಾಬೊರ್‌ಗೆ ಒಂದು ದಾರಿ ಹೊಳೆಯಿತು: ವಸ್ತುವಿನಿಂದ ಬಂದ ಬೆಳಕನ್ನು ಮತ್ತೊಂದು ಶುದ್ಧ ಬೆಳಕಿನ ಜೊತೆ ಬೆರೆಸಿದರೆ, ಎರಡೂ ಸೇರಿ ಉಂಟುಮಾಡುವ ಗೆರೆಗಳಲ್ಲಿ ಬೆಳಕಿನ ತೀವ್ರತೆ ಮಾತ್ರವಲ್ಲ, ಅಲೆಯ ಹೆಜ್ಜೆಯೂ, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದೂ, ದಾಖಲಾಗುತ್ತದೆ. ಬಿಂಬಕ್ಕೆ ಆಳ ಬರುವುದು ಅದರಿಂದಲೇ. ಅದಕ್ಕೆ ನೊಬೆಲ್ ಬಂದದ್ದು 1971ರಲ್ಲಿ, ಏಕೆಂದರೆ 1960ರಲ್ಲಿ ಲೇಸರ್ ಬರುವವರೆಗೆ ಆ ಉಪಾಯಕ್ಕೆ ತಕ್ಕ ದೀಪವೇ ಇರಲಿಲ್ಲ. ಲೇಸರ್ ಬಂದ ಮೇಲೆ ಮಿಷಿಗನ್ ವಿಶ್ವವಿದ್ಯಾಲಯದ ಲೀತ್ ಮತ್ತು ಉಪಾಟ್ನಿಕ್ಸ್ 1964ರಲ್ಲಿ ಆಟಿಕೆ ರೈಲಿನ ಹಾಲೊಗ್ರಾಂ ತೋರಿಸಿದರು. ಆ ಬಗೆಯ ಪ್ಲೇಟನ್ನು ನೋಡಲೂ ಲೇಸರೇ ಬೇಕು. ಸೋವಿಯತ್ ಒಕ್ಕೂಟದಲ್ಲಿ ಯೂರಿ ಡೆನಿಸ್ಯುಕ್ 1962ರಲ್ಲಿ ಪ್ರಕಟಿಸಿದ ವಿಧಾನದ ಪ್ಲೇಟನ್ನು ಸಾಮಾನ್ಯ ಬಿಳಿ ದೀಪದಲ್ಲಿ, ಚಿತ್ರಪಟದ ಹಾಗೆ ಎದುರಿನಿಂದ ಬೆಳಗಿಸಿ ನೋಡಬಹುದು. 1968ರಲ್ಲಿ ಪೋಲರಾಯ್ಡ್ ಸಂಸ್ಥೆಯಲ್ಲಿದ್ದ ಸ್ಟೀಫನ್ ಬೆಂಟನ್ ರೂಪಿಸಿದ ಕಾಮನಬಿಲ್ಲಿನ ಹಾಲೊಗ್ರಾಮಿಗೆ ಬಿಳಿ ದೀಪ ಹಿಂದಿನಿಂದ ಬರಬೇಕು. ನೋಡುವವರು ಕೂತು ಎದ್ದರೆ ಬಣ್ಣ ಬದಲಾಗುತ್ತದೆ.

ಮಾರ್ಗರೆಟ್ ಬೆನ್ಯನ್, ಬ್ರೂಸ್ ನೌಮನ್‌ರಂಥವರು 1960ರ ದಶಕದ ಕೊನೆಯಲ್ಲೇ ಇದನ್ನು ಕಲೆಯ ಮಾಧ್ಯಮವಾಗಿ ಕೈಗೆತ್ತಿಕೊಂಡರು, ಸಾಲ್ವಡೋರ್ ಡಾಲಿ ಕೂಡ 1970ರ ದಶಕದಲ್ಲಿ ಹಾಲೊಗ್ರಾಂಗಳನ್ನು ಮಾಡಿಸಿದ. ನಮ್ಮ ಸಂಗ್ರಾಹಕರ ಬಳಿ ಇಂಥ ದೊಡ್ಡ ಹೆಸರುಗಳ ಕೃತಿಗಳಿರಲಿಲ್ಲ. ಅವರ ಬಳಿ ಇದ್ದದ್ದು ಹೆಚ್ಚಾಗಿ ಡೆನಿಸ್ಯುಕ್ ಬಗೆಯ ಗಾಜಿನ ಪ್ಲೇಟುಗಳು, ನಾಲ್ಕು ಕಾಮನಬಿಲ್ಲಿನವು, ಡೈಕ್ರೊಮೇಟ್ ಎಂಬ ರಾಸಾಯನಿಕ ಬೆರೆಸಿದ ಜೆಲಾಟಿನ್‌ನ ಐದು ಬಿಲ್ಲೆಗಳು, ಉರುಳೆಯಾಕಾರದ ಒಂದು ಫಿಲ್ಮು, ಲೇಸರಿನಲ್ಲಷ್ಟೇ ಕಾಣುವ ಒಂದೇ ಒಂದು ಪ್ಲೇಟು.

ಸಮಸ್ಯೆ

ಅಪ್ಪನಿಗೆ ಎಂಬತ್ತು ತುಂಬುವ ವರ್ಷ ಸಂಗ್ರಹವನ್ನು ಬೆಂಗಳೂರಿನಲ್ಲಿ ಪ್ರದರ್ಶಿಸಬೇಕೆಂದು ಮಗಳು ಹೊರಟರು. ಮಾದರಿಗೆಂದು ಮೂರು ಪ್ಲೇಟುಗಳನ್ನು ತಂದು ಖಾಸಗಿ ಗ್ಯಾಲರಿಯೊಂದರ ಗೋಡೆಗೆ ಒರಗಿಸಿ ದೀಪ ಹಾಕಿದಾಗ ಕಂಡದ್ದು ಕಂದು ಬಣ್ಣದ ಗಾಜು, ಅದರೊಳಗೆ ಹಸಿರು ಮಬ್ಬು. ಗ್ಯಾಲರಿಯವರು ಸೌಜನ್ಯದಿಂದಲೇ, ಇವು ಹಾಳಾಗಿರಬಹುದು ಎಂದರು. ತೈಲಚಿತ್ರಗಳಿಗೆಂದು ಅವರು ಹಾಕಿಸಿದ್ದ ಎಲ್‌ಇಡಿ ಟ್ರ್ಯಾಕ್ ಲೈಟುಗಳು ನಿಜಕ್ಕೂ ಒಳ್ಳೆಯವು: ಹಿಟ್ಟು ಜರಡಿ ಹಿಡಿದಂತೆ ಸಮನಾಗಿ ಬೆಳಕು ಚೆಲ್ಲುವಂಥವು. ಕೇಡಿದ್ದದ್ದು ಅದರಲ್ಲೇ.

ನಾನು ಹೋದ ದಿನ ಅಲ್ಲಿನ ದೀಪಗಳನ್ನೆಲ್ಲ ಆರಿಸಲು ಹೇಳಿ, ಜೇಬಿನಲ್ಲಿದ್ದ ಫೋನಿನ ಟಾರ್ಚ್ ಹೊತ್ತಿಸಿ, ಕೈಯನ್ನು ಪ್ಲೇಟಿನ ಮೇಲ್ಭಾಗದಿಂದ ಓರೆಯಾಗಿ ಚಾಚಿದೆ. ಗಾಜಿನ ಹಿಂದೆ, ಒಂದು ಗೇಣು ಆಳದಲ್ಲಿ, ಒಡೆದ ಚೀನಿ ಬಟ್ಟಲೊಂದು ಎದ್ದು ನಿಂತಿತು. ತಲೆ ಬಾಗಿಸಿದರೆ ಅದರ ಹಿಡಿಯ ಹಿಂದಿದ್ದ ಬಿರುಕೂ ಕಾಣುತ್ತಿತ್ತು. ಮಗಳು ಕೈ ಮುಂದೆ ಮಾಡಿ, ಗಾಜಿಗೆ ತಾಗಿಸಿ ಹಿಂದೆಗೆದುಕೊಂಡರು. ಈ ಒಂದು ನಿಮಿಷದಿಂದಾಗಿ ಪ್ರದರ್ಶನ ರದ್ದಾಗುವುದು ತಪ್ಪಿತು.

ಕಾರಣ ಸರಳ. ಪ್ಲೇಟಿನ ಮೇಲೆ ಬೀಳುವ ಬೆಳಕಿನ ಮೂಲದಲ್ಲಿರುವ ಪ್ರತಿಯೊಂದು ಬಿಂದುವೂ ತನ್ನದೇ ಆದ ಒಂದು ಬಿಂಬವನ್ನು ಎಬ್ಬಿಸುತ್ತದೆ. ಮೂಲ ಅಗಲವಾಗಿದ್ದರೆ ಸ್ವಲ್ಪಸ್ವಲ್ಪ ಸರಿದ ಅಸಂಖ್ಯ ಬಿಂಬಗಳು ಒಂದರ ಮೇಲೊಂದು ಬಿದ್ದು ಮಬ್ಬಾಗುತ್ತವೆ. ಗಾಜಿಗೆ ಅಂಟಿದಂತಿರುವ ಭಾಗ ಸ್ಪಷ್ಟವಾಗಿಯೇ ಉಳಿಯುತ್ತದೆ, ಆಳಕ್ಕೆ ಹೋದಷ್ಟೂ ಕೆಡುತ್ತದೆ. ಐದು ಸೆಂಟಿಮೀಟರ್ ಅಗಲದ ದೀಪವನ್ನು ಎರಡು ಮೀಟರ್ ದೂರದಲ್ಲಿಟ್ಟರೆ, ಹತ್ತು ಸೆಂಟಿಮೀಟರ್ ಆಳದಲ್ಲಿರುವ ಅಂಚು ಎರಡೂವರೆ ಮಿಲಿಮೀಟರಿನಷ್ಟು ಹರಡುತ್ತದೆ. ಬಟ್ಟಲಿನ ಬಿರುಕು ಅಳಿಸಿಹೋಗಲು ಅಷ್ಟು ಸಾಕು. ಹಲವು ಚಿಪ್‌ಗಳನ್ನು, ಅಂದರೆ ಬೆಳಕು ಹೊಮ್ಮಿಸುವ ಚಿಕ್ಕ ತುಣುಕುಗಳನ್ನು, ಒಟ್ಟಿಗೆ ಜೋಡಿಸಿದ ಎಲ್‌ಇಡಿಗೂ ಟ್ಯೂಬ್‌ಲೈಟಿಗೂ ಹಾಲೊಗ್ರಾಂ ಒಲಿಯದಿರುವುದು ಇದಕ್ಕೇ.

ಆದರೆ ದೀಪ ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆಂದು ಅಂದು ನಾನು ಹೇಳಿದ್ದು ಆತುರದ ಮಾತು. ಜುಲೈನಲ್ಲಿ ಕರಾವಳಿಯ ಮನೆಗೆ ಹೋಗಿ ಬೀರು ತೆರೆದಾಗ ಅದು ಅರಿವಾಯಿತು. ಹೊರಗೆ ಜಡಿಮಳೆ, ಕೋಣೆಯ ತೇವಮಾಪಕದ ಮುಳ್ಳು ತೊಂಬತ್ತರ ಆಚೆ. ಕೆಲವು ಪ್ಲೇಟುಗಳ ಅಂಚಿನಲ್ಲಿ ಬೂಷ್ಟು ಹಿಡಿದಿತ್ತು. ಹಳೆಯ ಪಟ್ಟಿಯಲ್ಲಿ ‘ಹಳದಿ-ಹಸಿರು’ ಎಂದು ಬರೆದಿದ್ದ ಹಕ್ಕಿ ಕಿತ್ತಳೆಗೆಂಪಾಗಿತ್ತು. ಜೆಲಾಟಿನ್ ಬಿಲ್ಲೆಗಳಲ್ಲಿ ಮೂರರ ಬಿಂಬ ಅಂಚಿನಿಂದ ಒಳಕ್ಕೆ, ಗಜಕರ್ಣ ಹರಡುವ ಹಾಗೆ, ಅಳಿಸಿಕೊಂಡು ಹೋಗಿತ್ತು. ಇನ್ನು ಮುಖವಾಡವೊಂದರದ್ದೆಂದು ಸಂಗ್ರಾಹಕರು ಅತ್ಯಂತ ಪ್ರೀತಿಯಿಂದ ಹೇಳುತ್ತಿದ್ದ ದೊಡ್ಡ ಪ್ಲೇಟಿನಲ್ಲಿ, ಯಾವ ಟಾರ್ಚ್ ಹಿಡಿದರೂ ಏನೂ ಇರಲಿಲ್ಲ.

ಪ್ರಯತ್ನಗಳು

ಮೊದಲ ತೀರ್ಮಾನ, ಏನನ್ನೂ ಮಾಡದಿರುವುದು. ಹಕ್ಕಿಯ ಬಣ್ಣ ಕೆಟ್ಟದ್ದನ್ನು ನೋಡಿ ಮಗಳು ಗಾಬರಿಯಾಗಿದ್ದರು, ರಾಸಾಯನಿಕವಾಗಿ ತೊಳೆಸಬಹುದೇ ಎಂದು ವಿಚಾರಿಸುತ್ತಿದ್ದರು. ನಾನು ಬೇಡವೆಂದೆ. ಡೆನಿಸ್ಯುಕ್ ಬಗೆಯ ಪ್ಲೇಟಿನಲ್ಲಿ ಕೆಲವೇ ಮೈಕ್ರಾನ್ ದಪ್ಪದ ಜೆಲಾಟಿನ್ ಲೇಪದೊಳಗೆ ದಾಖಲೆಯ ಪದರಗಳು ಪುಸ್ತಕದ ಹಾಳೆಗಳಂತೆ ಒಂದರ ಹಿಂದೊಂದು ಇರುತ್ತವೆ. ಹಾಳೆಗಳ ನಡುವಿನ ಅಂತರ ಒಂದು ಮೈಕ್ರಾನಿನ ಐದನೇ ಒಂದು ಭಾಗದಷ್ಟು. ಯಾವ ಬಣ್ಣ ತಿರುಗಿ ಬರಬೇಕೆಂದು ಹೇಳುವುದು ಆ ಅಂತರ. ಜೆಲಾಟಿನ್ ನೀರು ಹೀರುತ್ತದೆ, ಉಬ್ಬುತ್ತದೆ, ಅಂತರ ಹಿಗ್ಗುತ್ತದೆ. ಶೇಕಡ 10ರಷ್ಟು ಹಿಗ್ಗಿದರೆ 560 ನ್ಯಾನೊಮೀಟರಿನ ಹಳದಿ-ಹಸಿರು 616ರ ಕಿತ್ತಳೆಗೆ ಸರಿಯುತ್ತದೆ. ಅಂದರೆ ಹಕ್ಕಿ ಕೆಟ್ಟಿರಲಿಲ್ಲ, ಅದಕ್ಕೆ ಮಳೆಗಾಲ ತಾಗಿತ್ತು. ಗಾಳಿಯಾಡದ ಡಬ್ಬಿಗಳಲ್ಲಿ ಸಿಲಿಕಾ ಜೆಲ್ ಹಾಕಿ, ಪ್ಲೇಟುಗಳನ್ನು ನಿಲ್ಲಿಸಿಟ್ಟು, ಬೆಂಗಳೂರಿಗೆ ಸಾಗಿಸಿ ಕಾದೆವು. ನಿಧಾನವಾಗಿ ಒಣಗಿಸಬೇಕೆಂಬುದೊಂದೇ ಷರತ್ತು. ಒಮ್ಮೆಲೇ ಒಣಗಿಸಿದರೆ ಲೇಪ ಗಾಜಿನಿಂದ ಏಳುವ ಅಪಾಯವಿದೆ. ವಾರಗಳು ಕಳೆದಂತೆ ಹಕ್ಕಿ ಕಿತ್ತಳೆಯಿಂದ ಹಳದಿಗೆ ಬಂತು, ಪೂರ್ತಿ ಹಸಿರಿನವರೆಗೆ ಬರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದೆವು.

ಎರಡನೆಯದು ನನ್ನ ತಪ್ಪು. ಡೈಕ್ರೊಮೇಟ್ ಜೆಲಾಟಿನ್ ಬಿಲ್ಲೆಗಳ ಬಿಂಬ ಬಹಳ ಪ್ರಖರ, ಆದರೆ ತೇವ ಒಳಹೊಕ್ಕರೆ ಅದು ಬರೇ ಬಣ್ಣ ಬದಲಿಸಿ ಸುಮ್ಮನಾಗುವುದಿಲ್ಲ, ಅಳಿಸಿಯೇ ಹೋಗುತ್ತದೆ. ಆದ್ದರಿಂದಲೇ ಅವನ್ನು ಎರಡು ಗಾಜುಗಳ ನಡುವೆ ಅಂಟು ಹಾಕಿ ಮುಚ್ಚಿರುತ್ತಾರೆ. ಹದವಾಗಿ ಬಿಸಿ ಮಾಡಿದರೆ ತೇವ ಹೊರಬಿದ್ದು ಬಿಂಬ ಮರಳಬಹುದೆಂಬ ತಿಳಿವಳಿಕೆಯ ಮೇಲೆ, ಮೂರರಲ್ಲಿ ಅಗ್ಗದ್ದೆನಿಸಿದ ಒಂದನ್ನು ಒಲೆಯಲ್ಲಿಟ್ಟೆ. ಮಧ್ಯದಲ್ಲಿ ನೀಲಿ ಮಚ್ಚೆಯೊಂದು ಎದ್ದಿತು, ಆಸೆ ಹುಟ್ಟಿಸಿತು. ಅಷ್ಟರಲ್ಲಿ ಅಂಚಿನ ಅಂಟು ನೊರೆಯಂತೆ ಉಬ್ಬಿ, ಇದ್ದ ಬಿಂಬವೂ ಹೋಯಿತು. ಒಳಗಿನ ತೇವ ಹೊರಗೆ ಬರಲು ದಾರಿಯೇ ಇಲ್ಲದ ಮುಚ್ಚಿದ ಬಿಲ್ಲೆಯನ್ನು ಬಿಸಿ ಮಾಡಿದರೆ ಹೀಗಲ್ಲದೆ ಇನ್ನೇನಾದೀತು ಎಂದು ಆಮೇಲೆ ಹೊಳೆದದ್ದರಿಂದ ಪ್ರಯೋಜನವಿರಲಿಲ್ಲ. ಸಂಗ್ರಾಹಕರಿಗೆ ಫೋನ್ ಮಾಡಿ ಹೇಳಿದೆ. ಅದು ಅಗ್ಗದ್ದೇ, ಆದರೆ ಅವರು ಕೊಂಡ ಮೊಟ್ಟಮೊದಲ ಬಿಲ್ಲೆ. ಇನ್ನುಳಿದ ಎರಡನ್ನು ಹಾಗೆಯೇ ಬಿಡುವುದೆಂದು ಅಂದೇ ಬರೆದುಕೊಂಡೆವು. ಬೆಲೆಯನ್ನು ನೋಡಿ ಪ್ರಯೋಗಕ್ಕೆ ಆರಿಸಿದ್ದು ನನ್ನ ಲೆಕ್ಕಾಚಾರದ ದೋಷವೆಂದು ಈಗಲೂ ಅನಿಸುತ್ತದೆ.

ಮುಖವಾಡದ ಪ್ಲೇಟು ಬಗೆಹರಿದದ್ದು ಅಂಥದೇ ಒಂದು ಫೋನ್ ಕರೆಯಲ್ಲಿ. ಬೆಂಬಿಡದೆ ಮೇಲಿನಿಂದ, ಎಡದಿಂದ, ಬಲದಿಂದ ದೀಪ ಹಿಡಿದು ಸೋತಿದ್ದೇನೆಂದು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆಳಗಿನಿಂದ ಒಮ್ಮೆ ಹಿಡಿಯಿರಿ ಮಾರಾಯ್ರೆ, ಊರಿಗೆ ಬಂದ ಮೇಲೆ ಅದಕ್ಕೆ ಹೊಸ ಫ್ರೇಮ್ ಹಾಕಿಸಿದ್ದೆ” ಎಂದರು. ಕೆಳಗಿನಿಂದ ಟಾರ್ಚ್ ಹಿಡಿದೆ. ಮುಖ ಬಂತು. ಆದರೆ ಗಾಜಿನ ಹಿಂದಲ್ಲ, ಮುಂದೆ, ಗಾಳಿಯಲ್ಲಿ. ಅದೂ ಒಳಗು ಹೊರಗಾಗಿ. ಮೂಗು ಹಳ್ಳ, ಕಣ್ಣುಗುಳಿ ಗುಡ್ಡ. ಬಲಕ್ಕೆ ಸರಿದರೆ ಮುಖವೂ ನಮ್ಮತ್ತ ತಿರುಗುತ್ತಿತ್ತು. ಫ್ರೇಮ್ ಹಾಕಿದವರು ಪ್ಲೇಟನ್ನು ಹಿಂದುಮುಂದಾಗಿ ಕೂರಿಸಿ, ಕಪ್ಪು ರಟ್ಟನ್ನು ನಿಜವಾದ ಮುಂಭಾಗಕ್ಕೆ ಒತ್ತಿ ಬಿಗಿದಿದ್ದರು. ಅವರದೇನೂ ತಪ್ಪಲ್ಲ, ದೀಪವಿಲ್ಲದಾಗ ಎರಡೂ ಬದಿ ಒಂದೇ ಥರದ ಕಂದು ಗಾಜು. ತಿರುಗಿಸಿ ಕೂರಿಸಿದ ದಿನ ಮುಖವಾಡ ಹಿಂದಕ್ಕೆ ಹೋಗಿ ತನ್ನ ಜಾಗದಲ್ಲಿ ನಿಂತಿತು. ಸತ್ತಿದೆಯೆಂದು ಪಟ್ಟಿಯಿಂದ ತೆಗೆದಿದ್ದ ಕೃತಿ ಇಡೀ ಪ್ರದರ್ಶನದ ಅತ್ಯುತ್ತಮ ಪ್ಲೇಟಾಯಿತು.

ಈ ಸಂದರ್ಭದಲ್ಲೇ ಅವರ ಹಳೆಯ ನೋಟ್‌ಬುಕ್ ಸಿಕ್ಕಿತು. ಆರಂಭದಲ್ಲಿ ಕೊಂಡ ಒಂಬತ್ತು ಕೃತಿಗಳಿಗೆ ಅವರು ಕೊಂಡ ದಿನವೇ ದೀಪದ ಕೋನ, ದೂರ, ಬಗೆ, ನಿಂತು ನೋಡಬೇಕಾದ ಜಾಗ ಎಲ್ಲವನ್ನೂ ಬರೆದಿಟ್ಟಿದ್ದರು. ಆಮೇಲೆ ಉದಾಸೀನ ಬಂದು ಬೆಲೆ ಮಾತ್ರ ಬರೆದಿದ್ದರು. ಆ ಒಂಬತ್ತನ್ನು ತೂಗುಹಾಕಲು ನಮಗೆ ಒಂದು ದಿನ ಸಾಕಾಯಿತು. ಉಳಿದವಕ್ಕೆ ಮೂರು ವಾರ. ಸಾಮಾನ್ಯವಾಗಿ ಮೇಲಿನಿಂದ 45 ಡಿಗ್ರಿ ಎಂಬುದು ರೂಢಿ, ಆದರೆ ಒಬ್ಬ ಕಲಾವಿದರು ಆಧಾರ ಕಿರಣವನ್ನು, ಅಂದರೆ ದಾಖಲಿಸುವಾಗ ಬೆರೆಸುವ ಆ ಶುದ್ಧ ಬೆಳಕನ್ನು, ಪಕ್ಕದಿಂದ ಬಿಟ್ಟಿದ್ದರು, ಇನ್ನೊಬ್ಬರು ತುಂಬ ಓರೆಯಾಗಿ. ಒಂದೊಂದು ಪ್ಲೇಟಿನೆದುರೂ ದೀಪ ಹಿಡಿದು ಕೈ ಸೋಲುವವರೆಗೆ ತಡಕಾಡಬೇಕಾಯಿತು.

ದೀಪಗಳ ವಿಷಯದಲ್ಲಿ ಒಂದೇ ಬಗೆಯದನ್ನು ಎಲ್ಲೆಡೆ ಹಾಕಬೇಕೆಂಬ ಗ್ಯಾಲರಿಯವರ ಬಯಕೆಯನ್ನು ಬಿಡಬೇಕಾಯಿತು. ಆಳವಿಲ್ಲದ ಕೃತಿಗಳಿಗೆ 12 ವೋಲ್ಟಿನ ಹ್ಯಾಲೊಜನ್ ಸ್ಪಾಟ್ ಸಾಕಾದವು. ಆಳವಾದವಕ್ಕೆ ಅವುಗಳ ಹಿಂದಿನ ಕನ್ನಡಿ ಬಟ್ಟಲೇ ಅಡ್ಡಿ, ಅದು ಚಿಕ್ಕ ತಂತಿಯನ್ನು ಅಂಗೈಯಗಲ ಮಾಡಿಬಿಡುತ್ತದೆ. ಅಲ್ಲಿ ಒಂದೇ ಚಿಪ್‌ನ ಎಲ್‌ಇಡಿ ಹಾಕಿದೆವು. ಉರುಳೆಯಾಕಾರದ ಫಿಲ್ಮು 1970ರ ದಶಕದಲ್ಲಿ ಲಾಯ್ಡ್ ಕ್ರಾಸ್ ರೂಪಿಸಿದ ಬಗೆಯದು. ಸಿನಿಮಾ ಚೌಕಟ್ಟುಗಳನ್ನು ತೆಳ್ಳನೆಯ ಲಂಬ ಪಟ್ಟಿಗಳಾಗಿ ದಾಖಲಿಸಿದ್ದು, ಸುತ್ತ ನಡೆದರೆ ಒಳಗಿನ ಹೆಂಗಸು ತಲೆ ಎತ್ತುತ್ತಾಳೆ. ಅದಕ್ಕೆ ಬೇಕಾದ ಪಾರದರ್ಶಕ ಗಾಜಿನ, ನೇರ ತಂತಿಯ ಬಲ್ಬು ಹಳೆಯ ಎಲೆಕ್ಟ್ರಿಕಲ್ ಅಂಗಡಿಯೊಂದರ ಅಟ್ಟದಲ್ಲಿ ಸಿಕ್ಕಿತು. ಲೇಸರ್ ಪ್ಲೇಟಿನ ಬಗ್ಗೆ ನಮ್ಮಲ್ಲೇ ಜಗಳವಾಯಿತು. ಅದನ್ನು ತೋರಿಸಲು ಹರಡಿದ ಕೆಂಪು ಲೇಸರ್ ಹಿಂದಿನಿಂದ ಬರಬೇಕು, ಬಿಂಬವಾಗದೆ ಉಳಿದ ಕಿರಣ ನೋಡುಗರ ಕಡೆಯೇ ಹೊರಬೀಳುತ್ತದೆ. ಮಕ್ಕಳು ಬರುವ ಜಾಗದಲ್ಲಿ ಅದು ಬೇಡವೆಂದು ಗ್ಯಾಲರಿಯವರು, ಅದಿಲ್ಲದೆ ಸಂಗ್ರಹ ಪೂರ್ತಿಯಲ್ಲವೆಂದು ಮಗಳು. ಕೊನೆಗೆ ಮರದ ಪೆಟ್ಟಿಗೆಯೊಳಗೆ ಪ್ಲೇಟು, ಲೇಸರ್ ಎರಡನ್ನೂ ಕೂರಿಸಿ, ಉಳಿಕೆ ಕಿರಣ ಪೆಟ್ಟಿಗೆಯ ತಳದಲ್ಲೇ ಕಪ್ಪು ಬಟ್ಟೆಗೆ ಬಡಿದು ನಿಲ್ಲುವಂತೆ ಮಾಡಿ, ಇಣುಕಲು ಒಂದು ಕಿಂಡಿ ಬಿಟ್ಟೆವು. ಕಿಂಡಿಯಿಂದಾಗಿ ಆ ಕೃತಿಯ ಅಗಲ ನೋಟ ಹೋಯಿತು. ಅದನ್ನು ಪಕ್ಕದ ಫಲಕದಲ್ಲಿ ಒಪ್ಪಿಕೊಂಡೆವು.

ವಿಮೆಯ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕೃತಿಗಳ ಪ್ರತಿಸಂಖ್ಯೆ ಗಾಜಿನ ಮೂಲೆಯಲ್ಲಿದ್ದರೂ ಮಾರುಕಟ್ಟೆ ಬೆಲೆ ತೋರಿಸುವ ಕಾಗದ ನಮ್ಮ ಬಳಿ ಇರಲಿಲ್ಲ. ಮತ್ತೆ ಮಾಡಿಸಲು ತಗಲುವ ಖರ್ಚು ಎಷ್ಟೆಂದು ವಿಮೆಯವರು ಕೇಳಿದರು. ಆ ಕಲಾವಿದರು ಬಳಸುತ್ತಿದ್ದ ಪ್ಲೇಟುಗಳನ್ನು ಆಗ್ಫಾದಂಥ ಕಂಪನಿ 1990ರ ದಶಕದಲ್ಲೇ ತಯಾರಿಸುವುದನ್ನು ಬಿಟ್ಟಿದೆ ಎಂದೆವು. ಕೊಂಡ ಬೆಲೆಗೇ ವಿಮೆಯಾಯಿತು.

ಪ್ರದರ್ಶನದಲ್ಲಿ ನಡೆದದ್ದು

ಜನವರಿಯಲ್ಲಿ ಪ್ರದರ್ಶನ ತೆರೆಯಿತು. ಗೋಡೆಗಳಿಗೆ ಕಪ್ಪು ಬಣ್ಣ, ಕೃತಿಗಳ ನಡುವೆ ಅಡ್ಡಪರದೆ. ಮೊದಲ ದಿನವೇ ಎರಡು ಕೊರತೆಗಳು ಕಂಡವು. ಪಕ್ಕದ ಕೃತಿಯ ದೀಪ ಸೋರಿ ಹಕ್ಕಿಯ ಪಕ್ಕದಲ್ಲಿ ಇನ್ನೊಂದು ಮಸುಕಾದ ಹಕ್ಕಿ ಕೂತಿತ್ತು. ಪರದೆಯನ್ನು ಒಂದು ಮೊಳ ಮುಂದಕ್ಕೆಳೆದು ಅದನ್ನು ಓಡಿಸಿದೆವು. ಎರಡನೆಯದು ಎತ್ತರ. ನನ್ನ ಕಣ್ಣಿನ ಮಟ್ಟಕ್ಕೆ ತೂಗುಹಾಕಿದ್ದ ಕಾಮನಬಿಲ್ಲಿನ ಕೃತಿಗಳು ಮಕ್ಕಳಿಗೆ ಕಾಣುತ್ತಲೇ ಇರಲಿಲ್ಲ. ಸೀರೆಯುಟ್ಟ ಅಜ್ಜಿಯೊಬ್ಬರು ತುದಿಗಾಲಲ್ಲಿ ನಿಂತು, ಕೊನೆಗೆ “ಎಲ್ಲರೂ ಹಸಿರು ಅಂತಾರೆ, ನನಗೆ ಬರೀ ಕತ್ತಲೆ” ಎಂದು ಮುಂದೆ ಹೋದರು. ಮಾರನೆಯ ದಿನ ಮಣೆಗಳನ್ನು ತರಿಸಿಟ್ಟು, ನಿಲ್ಲಬೇಕಾದ ಜಾಗದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಸೊನ್ನೆ ಬರೆದೆವು.

ಮೂರನೆಯ ದಿನ ಸಂಜೆ ಕರೆಂಟ್ ಹೋಯಿತು. ಸಂಗ್ರಾಹಕರು ಅಂದು ಬಂದಿದ್ದರು. ತೈಲಚಿತ್ರವಾಗಿದ್ದರೆ ಕತ್ತಲಲ್ಲೂ ಗೋಡೆಯ ಮೇಲೆ ಇದ್ದೇ ಇರುತ್ತದೆ. ಇಲ್ಲಿ ಮೂವತ್ತು ಕೃತಿಗಳೂ ಇಲ್ಲವೇ ಇಲ್ಲ ಎಂಬಂತಾದವು. ಜನರೇಟರ್ ಹತ್ತಿಕೊಳ್ಳುವ ಮೊದಲೇ ಯಾರೋ ಫೋನಿನ ಟಾರ್ಚ್ ಹೊತ್ತಿಸಿದರು, ನೋಡನೋಡುತ್ತ ಇಪ್ಪತ್ತು ಟಾರ್ಚುಗಳು ಹೊತ್ತಿದವು. ಮುಖವಾಡದೆದುರು ಆರು ಮಂದಿ ನಿಂತಿದ್ದರು, ಗಾಜಿನೊಳಗೆ ಆರು ಮುಖವಾಡಗಳು. ಒಬ್ಬರು ಕೈ ಅಲ್ಲಾಡಿಸಿದರೆ ಅವರದಷ್ಟೇ ಅಲ್ಲಾಡುತ್ತಿತ್ತು. ಕರೆಂಟ್ ಬಂದಾಗ ಜನ ನಿರಾಶರಾಗಿ ಹೋ ಎಂದರು. ಹಿರಿಯರು ಕುರ್ಚಿಯಲ್ಲಿ ಕೂತೇ, “ನಲವತ್ತು ವರ್ಷ ಕನ್ನಡಿಯೊಳಗಿನ ಗಂಟು ಕಾದೆ ಅಂತ ಹೆಂಡತಿ ಹೇಳ್ತಿದ್ದಳು, ಗಂಟು ಬಿಚ್ಚೋದು ಇವರಿಗೆ ಗೊತ್ತಿತ್ತು ನೋಡಿ” ಎಂದು ನಕ್ಕರು.

ಆ ರಾತ್ರಿ ಗ್ಯಾಲರಿಯವರು ಮುಖವಾಡದ ದೀಪವನ್ನು ತೆಗೆಸಿ, ಅಲ್ಲಿ ಎರಡು ಟಾರ್ಚುಗಳನ್ನು ದಾರಕ್ಕೆ ಕಟ್ಟಿ ಇಡೋಣವೆಂದರು. ಕಲಾವಿದರು ನಿಗದಿಪಡಿಸಿದ ಬೆಳಕನ್ನು ನೋಡುಗರ ಕೈಗೆ ಕೊಡುವುದು ಸರಿಯೇ ಎಂಬ ಪ್ರಶ್ನೆಗೆ ನಾನು ಬೇಡವೆಂದಿದ್ದೆ, ಮಗಳು ಸರಿಯೆಂದಿದ್ದರು. ಆಕೆಯ ಮಾತು ನಡೆಯಿತು. ಒಂದು ಕೃತಿಗೆ ಮಾತ್ರ, ಕಲಾವಿದರ ಮೂಲ ಉದ್ದೇಶವನ್ನು ಪಕ್ಕದಲ್ಲಿ ಬರೆದು. ಇಂದು ಕೇಳಿದರೂ ನಾನು ಪೂರ್ತಿ ಒಪ್ಪಲಾರೆ, ಆದರೆ ಜನ ಅತಿ ಹೆಚ್ಚು ಹೊತ್ತು ನಿಂತದ್ದು ಅಲ್ಲಿಯೇ ಎಂಬುದನ್ನು ಅಲ್ಲಗಳೆಯಲಾರೆ. ಅಳಿಸಿಹೋದ ಬಿಲ್ಲೆಗಳನ್ನೂ, ನಾನು ಸುಟ್ಟದ್ದನ್ನೂ ಸೇರಿಸಿ, ದೀಪದಡಿ ಇಟ್ಟಿದ್ದೆವು. ಅವುಗಳ ಮುಂದೆ ಯಾರೂ ನಿಲ್ಲಲಿಲ್ಲ.

ಬದಲಾದದ್ದು

ಪ್ರದರ್ಶನ ಮುಗಿದ ಮೇಲೆ ಪ್ರತಿ ಪ್ಲೇಟಿನ ಡಬ್ಬಿಗೂ ಒಂದು ಹಾಳೆ ಅಂಟಿಸಿದೆವು. ಮುಂಭಾಗ ಯಾವುದು, ಮೇಲ್ತುದಿ ಯಾವುದು, ದೀಪದ ಬಗೆ, ಕೋನ, ದೂರ, ನೋಡುವ ಜಾಗ, ಆ ದಿನ ಕಂಡ ಬಣ್ಣ, ಆ ದಿನದ ತೇವಾಂಶ. ಬಣ್ಣ ಮತ್ತು ತೇವಾಂಶವನ್ನು ಒಟ್ಟಿಗೆ ಬರೆಯದಿದ್ದರೆ ಮುಂದೆ ಯಾರೋ ಹಕ್ಕಿಯನ್ನು ಕೆಟ್ಟಿದೆಯೆಂದು ತೊಳೆಯಲು ಹೊರಡಬಹುದು. ಫೋಟೊ ತೆಗೆದಿಟ್ಟರೆ ಸಾಲದೇ ಎಂದು ಕೇಳಿದವರಿದ್ದರು. ಫೋಟೊದಲ್ಲಿ ಬಟ್ಟಲು ಕಾಣುತ್ತದೆ, ಅದರ ಹಿಡಿಯ ಹಿಂದಿನ ಬಿರುಕು ಕಾಣುವುದಿಲ್ಲ. ಸಂಗ್ರಹವನ್ನು ಕರಾವಳಿಗೆ ಮರಳಿಸದೆ ಬೆಂಗಳೂರಿನ ಮಗಳ ಮನೆಯಲ್ಲಿ, ಒಣ ಡಬ್ಬಿಗಳಲ್ಲಿ ಇಡುವುದೆಂದು ತೀರ್ಮಾನವಾಯಿತು.

ಹಿರಿಯರು ಅದಕ್ಕೆ ಒಪ್ಪಿದರು, ಒಂದು ಪ್ಲೇಟು ಬಿಟ್ಟು. ಮುಖವಾಡ ಊರಿಗೆ ಬೇಕು ಎಂದರು. ತೇವದ ಬಗ್ಗೆ, ನೇರ ಬಿಸಿಲಿನಿಂದಾಗುವ ಹಾನಿಯ ಬಗ್ಗೆ ನಾನು ಬರೆದು ಕೊಟ್ಟೆ. ಓದಿದರು, ಮಡಚಿ ಜೇಬಿಗಿಟ್ಟುಕೊಂಡರು. ಫೆಬ್ರವರಿಯಲ್ಲಿ ಅಲ್ಲಿಗೆ ಹೋದಾಗ ಪ್ಲೇಟು ಪಡಸಾಲೆಯಲ್ಲಿ, ಪಶ್ಚಿಮದ ಕಿಟಕಿಗೆ ಎದುರಾದ ಗೋಡೆಯ ಮೇಲಿತ್ತು. ಸೂರ್ಯ ಬಹು ದೂರದ ದೀಪ, ಆದ್ದರಿಂದ ಬಿಂಬ ಬಹುಮಟ್ಟಿಗೆ ಸ್ಪಷ್ಟ. ಕಿಟಕಿಯಿಂದ ಓರೆಯಾಗಿ ಇಳಿದ ಬಿಸಿಲು ಗಾಜಿನ ಮೇಲಿದ್ದಷ್ಟು ಹೊತ್ತು ಮುಖ ಗೋಡೆಯೊಳಗೆ ನಿಂತಿರುತ್ತದೆ, ಬಿಸಿಲು ಸರಿದರೆ ಹೋಗುತ್ತದೆ. ಮಳೆಗಾಲದಲ್ಲಿ ಅದೂ ಇಲ್ಲ. ಫ್ರೇಮಿನ ಹಿಂದೆ ನಮ್ಮ ಹಾಳೆಯನ್ನು ಅವರೇ ತುಂಬಿ ಅಂಟಿಸಿದ್ದರು. ದೀಪ ಎಂಬಲ್ಲಿ ‘ಸೂರ್ಯ’ ಎಂದಿತ್ತು. ಕೋನ ಎಂಬಲ್ಲಿ ‘ಮಧ್ಯಾಹ್ನ ಮೂರು ಗಂಟೆ’.